ಪಾಂಡವರು ಕೂತ ನೆಲ

ಬಾಯ್ನಾ, ವಾಸ್ಕೋ, ಗೋವಾ
೧೧ ನವೆಂಬರ್ ೨೦೨೪

ಪ್ರೀತಿಯ ಆಯಿಗೆ,

ನಿನ್ನ ಮೊಮ್ಮಗ ಯಮನೂರ ಎರಡೂ ಕೈ ಜೋಡಿಸಿ, ಒಂದೇ ಕಣ್ಣು ಮುಚ್ಚಿ ಮಾಡುವ ನಮಸ್ಕಾರ. ಇನ್ನೊಂದು ಕಣ್ಣು ಗಣಪ್ಪನ ಮೇಲಿದೆ, ಅದನ್ನು ಮುಚ್ಚುವಂತಿಲ್ಲ.

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಸಿಟ್ಟಿನಲ್ಲಿ ಅದನ್ನೂ ಬಿಟ್ಟಿದ್ದೀಯೋ? ಫೋನ್ ಮಾಡಿದಾಗಲೆಲ್ಲ ಶ್ವೇತಾ "ಆಯಿ ಮಲಗ್ಯಾಳ" ಅನ್ನುತ್ತಾಳೆ. ಮುಂಜಾನೆಯೂ ಮಲಗಿರುತ್ತೀ, ಸಂಜೆಯೂ ಮಲಗಿರುತ್ತೀ. ಕೋಳಿಗಿಂತ ಮೊದಲೆದ್ದು ಬಕೆಟ್ ಸದ್ದಿನಿಂದ ಇಡೀ ಬಾಯ್ನಾ ಎಬ್ಬಿಸುತ್ತಿದ್ದವಳಿಗೆ ಊರಿಗೆ ಹೋದದ್ದೇ ಇಷ್ಟು ನಿದ್ದೆ ಎಲ್ಲಿಂದ ಬಂತು? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ತಂಗಿ ಶ್ವೇತಾ, ಓದುವ ಪುಣ್ಯ ನಿನ್ನದು. ಗಟ್ಟಿಯಾಗಿ ಓದು, ಬೈಗುಳ ಬಂದಲ್ಲಿ ಇನ್ನೂ ಗಟ್ಟಿಯಾಗಿ.

ಈಗ ನಿನ್ನ ಘನಘೋರ ಅಪರಾಧದ ವಿಚಾರಣೆ. ಆರೋಪಿ ಸಾವಂತ್ರೆವ್ವ, ಗುಡ್ಡದ ಮೇಲಿನ ಬಂಗಲೆಯ ಕಸ ಗುಡಿಸುವವಳು. ಮಾಲಕಿ ಬಾಯಿ ಪುಣೆಯಲ್ಲಿ, ಬಂಗಲೆ ಖಾಲಿ, ಕೀಲಿ ನಿನ್ನ ಸೊಂಟದಲ್ಲಿ. ದೀಪಾವಳಿ ಪಾಡ್ಯದ ದಿನ ನೀನು ಏನು ಮಾಡಿದೆ? ಗೇಟಿನ ಒಳಗಿನ, ಬಣ್ಣ ಬೆರೆಸಿ, ಕಲ್ಲಿನಂತೆ ಅಚ್ಚೊತ್ತಿ, ಮೇಲೆ ಹೊಳಪಿನ ಸೀಲರ್ ಬಳಿದ ಕಾಂಕ್ರೀಟ್ ನೆಲಕ್ಕೆ ಸಗಣಿ ಸಾರಿಸಿದೆ! ಅದರ ಮೇಲೆ ಸಗಣಿಯ ಐದು ಪಾಂಡವರನ್ನು ಕೂರಿಸಿ, ತಲೆಗೆ ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿದೆ. ಬೇಡ ಅಂದರೆ, "ಮನಿ ಯಾರದಾರ ಇರ್ಲಿ, ಪಾಡ್ಯೆದ ದಿನ ಬಾಗಲಾ ಬರೇ ಇರಬಾರ್ದು" ಎಂದು ನನ್ನ ತಲೆಗೇ ಒಂದು ಕಡ್ಡಿ ಸಿಕ್ಕಿಸಿದೆ. ಆರನೆಯ ಪಾಂಡವನಾಗಿ ನಾನು ಎಲ್ಲವನ್ನೂ ಕಂಡಿದ್ದೇನೆ.

ಮರುದಿನ ಬಂದವನು ಗಣಪ್ಪ. ನೆಲ ತೊಳೆಯುವ ಗುತ್ತಿಗೆದಾರ, ನನಗೆ ಕೂಲಿ ಕೊಡುವ ಧಣಿ, ನಮ್ಮ ಕಡೆಯವನೇ, ಆದರೆ ಬೂಟು ಹಾಕಿದ ಕೂಡಲೇ ಊರು ಮರೆಯುವವನು. ಬಾಯಿ ಬರುವುದರೊಳಗೆ ನೆಲ ಸ್ವಚ್ಛವಾಗಬೇಕಿತ್ತು. ನಿನ್ನ ಪಾಂಡವರನ್ನು ಕಂಡು "ಏನ ಮುದುಕಿ, ಇದನ್ನೇನ ನಿಮ್ಮೂರ ಹಟ್ಟಿ ಅಂತ ತಿಳಕೊಂಡಿಯೇನ?" ಎಂದು ಕೂಗಿದ. ನಾನು ಅತ್ಯಂತ ವಿನಯದಿಂದ "ಅಣ್ಣಾ, ಮೊದ್ಲ ನೀರ ಹೊಡದು ನೆನಸೋಣ್ರಿ, ಅಗಲ ನೋಝಲ್ ಹಾಕೋಣ್ರಿ" ಅಂದೆ. "ನೀ ನನಗ ಕಲಸ್ತಿಯೇನಲೇ?" ಎಂದು ನನ್ನ ಕೈಯಿಂದ ನೀರಿನ ಗನ್ ಕಸಿದುಕೊಂಡು, ನೀರು ಸೂಜಿಯಾಗಿ ಹೊಡೆಯುವ ನೋಝಲ್ ಸಿಕ್ಕಿಸಿ, ನೆಲಕ್ಕೆ ಮೂಗು ತಾಗಿಸಿದಂತೆ ಹಿಡಿದು ಹೊಡೆದ. ಧರ್ಮರಾಯ ಹಾರಿಹೋದ, ಅರ್ಜುನ ಹಾರಿಹೋದ, ನಕುಲ ಸಹದೇವರು ಗಟಾರು ಸೇರಿದರು. ಅವರ ಹಿಂದೆಯೇ ಸೀಲರ್ ಕೂಡ ಸಿಪ್ಪೆಯಂತೆ ಎದ್ದಿತು. ಅಂಚಿಗೆ ಜೋಡಿಸಿದ ಪೇವರ್ ಕಲ್ಲುಗಳ ಸಂದಿನ ಮರಳು ಚಿಮ್ಮಿ ಅವನ ಕಣ್ಣಿಗೇ ಬಿತ್ತು. ಆ ಒಂದು ಕ್ಷಣ ನನಗೆ ದೇವರ ಮೇಲೆ ನಂಬಿಕೆ ಬಂತು.

ನೆಲದ ತುಂಬ ಬಿಳಿ ಗೆರೆ. ಗಣಪ್ಪ ಕಣ್ಣು ಒರೆಸಿಕೊಳ್ಳುತ್ತಲೇ ಪುಣೆಗೆ ಫೋನ್ ಹಚ್ಚಿದ: "ಬಾಯಿ, ಮುದುಕಿ ಸಗಣಿ ಬಳದು ನೆಲಾನ ತಿಂದ್ಹಾಕ್ಯಾಳ್ರಿ." ನೀನು ಅದನ್ನು ಕೇಳಿಸಿಕೊಂಡೆ. ಕೀಲಿಗೊಂಚಲು ಕಟ್ಟೆಯ ಮೇಲಿಟ್ಟು, ಗಂಟು ಕಟ್ಟಿ ಗದಗ ಬಸ್ಸು ಹತ್ತಿದೆ. ಮುಂಜಾನೆ ಹಾಲಿನವನ ಜೊತೆಗೂ ಜಗಳ ತೆಗೆಯುವ ನನ್ನ ಆಯಿ, ಬಾಯಿ ಮುಚ್ಚಿಕೊಂಡು ಹೋದಳು. ಅದೊಂದನ್ನು ನಾನು ತಡೆದುಕೊಳ್ಳಲಾರೆ.

ಆದರೆ ಗಣಪ್ಪ ಅರ್ಧ ನೆಲ ಮಾತ್ರ ತೊಳೆದಿದ್ದ. ಉಳಿದರ್ಧದಲ್ಲಿ ನಿನ್ನ ಸಗಣಿ ಹಾಗೇ ಇತ್ತು, ಅದರ ಅಂಚಿನಲ್ಲಿ ಭೀಮನೊಬ್ಬ ಕುಳಿತಿದ್ದ. ನಾನು ಅದರ ಮೇಲೆ ಗೋಣಿಚೀಲ ಹೊದಿಸಿ, ರಟ್ಟಿನ ಮೇಲೆ ಮರಾಠಿಯಲ್ಲಿ "ತಪಾಸಣೆ ನಡೆದಿದೆ, ಮುಟ್ಟಬಾರದು" ಎಂದು ಬರೆದು, ಬಟ್ಟಲಿನ ತಳಕ್ಕೆ ಮಸಿ ಹಚ್ಚಿ ದುಂಡನೆಯ ಸಿಕ್ಕಾ ಒತ್ತಿ ನಿಲ್ಲಿಸಿದೆ. ಸಿಕ್ಕಾ ಕಂಡರೆ ಗಣಪ್ಪ ಸರ್ಕಾರದ ಮೊಹರೆಂದೇ ಹೆದರುತ್ತಾನೆ. ವಾರಪೂರ್ತಿ ಅದನ್ನು ಸುತ್ತುಬಳಸಿ ಓಡಾಡಿದ.

ನಿನ್ನೆ ಬಾಯಿ ಬಂದರು. ನಾನು ಗನ್ ಹೆಗಲಿಗೇರಿಸಿ, ಸಲಾಮು ಹೊಡೆದು, "ಆಯಿ ಸಾರಿಸಿದ್ದ ಉಳಿದರ್ಧ ನಾ ತೊಳೀತೇನ್ರಿ. ಸಗಣಿ ನೆಲ ತಿಂದಿದ್ರ ನನ್ನೂ ಹೊರಗ ಹಾಕ್ರಿ" ಅಂದೆ. ಮೊದಲು ಭೀಮನನ್ನು ಸಗಣಿಯ ತಳದ ಸಮೇತ ಕರಣೆಯಿಂದ ಎತ್ತಿ ಕಟ್ಟೆಗೆ ಏರಿಸಿದೆ. ನೀರು ಚಿಮುಕಿಸಿ ಸಗಣಿ ನೆನೆಯಲು ಬಿಟ್ಟೆ. ಗೋಡೆ ಬದಿಯ ಮೂಲೆಯಲ್ಲಿ ಮೊದಲು ನೋಡಿಕೊಂಡೆ. ಸಾದಾ ಸೋಪಿನ ನೀರು, ಮೆತ್ತನೆಯ ಬ್ರಷ್. ಆಮೇಲೆ ಒತ್ತಡ ಇಳಿಸಿ, ಬೀಸಣಿಗೆಯಂತೆ ಹರಡುವ ನೋಝಲ್ ಹಾಕಿ, ದೂರ ನಿಂತು, ಓರೆಯಾಗಿ, ಎಲ್ಲೂ ನಿಲ್ಲಿಸದೆ ಬೀಸಿದೆ. ನಿನ್ನ ಎಮ್ಮೆಗೆ ಮೈತೊಳೆಯುವಾಗ ಕಣ್ಣಿಗೆ ನೀರು ಬೀಳದಂತೆ ಹೊಯ್ಯುತ್ತಿದ್ದೆಯಲ್ಲ, ಹಾಗೆ.

ಸಗಣಿ ಹೋಯಿತು. ನೆಲ ಮದುಮಗನ ಬೂಟಿನಂತೆ ಹೊಳೆಯಿತು. ಪೇವರ್ ಸಂದಿನ ಮರಳು ಕದಲಲಿಲ್ಲ. ಬಾಯಿ ಈ ಕಡೆ ನೋಡಿದರು, ಆ ಕಡೆಯ ಬಿಳಿ ಗೆರೆ ನೋಡಿದರು, ಗಣಪ್ಪನನ್ನು ನೋಡಿದರು. "ಬಿಸಿಲಿಗೆ ಹಂಗ ಆಗಿರ್ತೈತ್ರಿ" ಅಂದ ಗಣಪ್ಪ. "ಬಿಸಲು ಪಟ್ಟಿ ಹಿಡದು ಗೆರಿ ಹೊಡೀತೈತೇನ ಅಣ್ಣಾ?" ಅಂದೆ ನಾನು. ಬಾಯಿ ನಕ್ಕುಬಿಟ್ಟರು. ಕೀಲಿಗೊಂಚಲನ್ನು ನನ್ನ ಕೈಗಿಟ್ಟು, ಅಜ್ಜಿ ಯಾವಾಗ ಬರುತ್ತಾರೆ ಎಂದು ಕೇಳಿದರು.

ಊರಿನಲ್ಲಿ ದೊಡ್ಡವರಿಗೆಲ್ಲ ನನ್ನ ನಮಸ್ಕಾರ, ಎಮ್ಮೆಗೆ ವಿಶೇಷ ನಮಸ್ಕಾರ. ಶ್ವೇತಾಳಿಗೆ ಓದಿದ ಕೂಲಿಯಾಗಿ ಒಂದು ಪೊಟ್ಟಣ ಗೋಡಂಬಿ, ಆದರೆ ನಿನ್ನನ್ನು ಬಸ್ಸು ಹತ್ತಿಸಿದ ಮೇಲೆ ಮಾತ್ರ.

ನಿನ್ನ ಆರನೆಯ ಪಾಂಡವ,
ಯಮನೂರ

ತಾ.ಕ.: ಗಣಪ್ಪ ಸೋತರೂ ಸೋತಿಲ್ಲ. ನೀನು ಬಂದು ಎಲ್ಲರೆದುರು "ತಪ್ಪಾತು" ಅಂದರೆ ಗೇಟಿನ ಒಳಗೆ ಬಿಡುತ್ತಾನಂತೆ. "ಆಕಿ ಬರ್ತಾಳ, ಆದ್ರ ಅನ್ನಂಗಿಲ್ಲ" ಎಂದು ನಿನ್ನ ಪರವಾಗಿ ಹೇಳಿಬಿಟ್ಟಿದ್ದೇನೆ. ಅದಕ್ಕೆ ನನ್ನ ಕೈಯಿಂದ ಮಷೀನು ಕಸಿದುಕೊಂಡ. ಕಸಿದುಕೊಳ್ಳಲಿ, ಕೀಲಿ ನನ್ನ ಹತ್ತಿರವೇ ಇದೆ. ಭೀಮ ಇನ್ನೂ ಕಟ್ಟೆಯ ಮೇಲೆ ಗೇಟಿಗೆ ಮುಖ ಮಾಡಿ ಒಣಗುತ್ತಿದ್ದಾನೆ. ಪಾಂಡವರನ್ನು ಇಟ್ಟವರೇ ಮಾಳಿಗೆಗೆ ಏರಿಸಬೇಕು ಎಂದು ಪ್ರತಿವರ್ಷ ನಮ್ಮ ಕೈಗೆ ಹೊಡೆಯುತ್ತಿದ್ದವಳು ನೀನೇ. ನಾನು ಏರಿಸುವುದಿಲ್ಲ. ಗಣಪ್ಪ ಮುಟ್ಟದಂತೆ ಭೀಮನ ಪಕ್ಕದಲ್ಲೂ ರಟ್ಟು ನಿಲ್ಲಿಸಿದ್ದೇನೆ, ಈ ಸಲ ಎರಡು ಸಿಕ್ಕಾ. ಬಾ.