ಗುಂಡನ ಉಪವಾಸ

ಗುಬ್ಬಿ,
೧೪ ಜುಲೈ ೨೦೨೫

ಪ್ರೀತಿಯ ಕಾಳಯ್ಯನಿಗೆ ನಿನ್ನ ಚನ್ನವೀರಯ್ಯ ಮಾಡುವ ಶರಣು.

ನಾನು ಇನ್ನೂ ಇದ್ದೇನೆ. ಹೊಟ್ಟೆಯ ಹೊಲಿಗೆ ಒಣಗಿದೆ, ಅನ್ನ ಸೇರುತ್ತಿದೆ. ಹುಲಿಯೂರುದುರ್ಗದಲ್ಲಿ ನೀನೂ ವನಜಮ್ಮನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಂದುಕೊಳ್ಳದೆ ಬೇರೆ ದಾರಿಯಿಲ್ಲ, ನೀನು ಫೋನ್ ಎತ್ತುತ್ತಿಲ್ಲವಲ್ಲ. ಯುಗಾದಿ ಕಳೆದ ಮೇಲೆ ನಾನು ನಿನ್ನ ತೋಟದ ಕಡೆ ತಲೆ ಹಾಕಿಲ್ಲ. ಕಾಯಿಯನ್ನು ಬೇರೆ ವ್ಯಾಪಾರಿಗೆ ಕೊಟ್ಟಿರುತ್ತೀಯ, ಕೊಡು, ತಪ್ಪಿಲ್ಲ. ಆದರೆ ನಲವತ್ತು ವರ್ಷದ ಸ್ನೇಹ ಹೀಗೆ ಸದ್ದಿಲ್ಲದೆ ಮುಗಿಯುವುದು ನನಗೆ ಬೇಡ. ಅದಕ್ಕೇ ಎಂದೂ ಕಾಗದ ಬರೆಯದವನು ಕೂತು ಬರೆಯುತ್ತಿದ್ದೇನೆ. ತಡ ಮಾಡಿದ್ದಕ್ಕೆ ಬೈದುಕೋ, ಓದದೆ ಮಾತ್ರ ಎಸೆಯಬೇಡ.

ನನ್ನ ಬಲಪಕ್ಕೆಯ ನೋವು ನಿನಗೆ ಗೊತ್ತೇ ಇತ್ತು. ಗ್ಯಾಸ್ ಎಂದು ಜೀರಿಗೆ ನೀರು ಕುಡಿದುಕೊಂಡಿದ್ದೆ. ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಲಿವರಿನಲ್ಲಿ ತೆಂಗಿನಕಾಯಿ ಗಾತ್ರದ ನೀರುಗುಳ್ಳೆ! ಕಾಯಿ ವ್ಯಾಪಾರಿಯ ಹೊಟ್ಟೆಯಲ್ಲಿ ಇನ್ನೇನು ಬೆಳೆದೀತು, ಹೇಳು. ಒಂದು ಬಗೆಯ ಲಾಡಿಹುಳುವಿನ ಮೊಟ್ಟೆ ಒಳಗೆ ಸೇರಿ ವರ್ಷಗಟ್ಟಲೆ ಊದಿಕೊಂಡರೆ ಹೀಗಾಗುತ್ತದಂತೆ. ಆಪರೇಷನ್ ಮಾಡಿ ತೆಗೆದರು. ಪ್ರಾಣಿಗಳಿಂದ ಮನುಷ್ಯರಿಗೆ ಬರುವ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವ ಮಂಜುಶ್ರೀ ಎಂಬ ಪಶುವೈದ್ಯೆ ನನ್ನ ಒಪ್ಪಿಗೆ ಕೇಳಿ ಗುಳ್ಳೆಯ ಒಂದು ಚೂರನ್ನು ಪರೀಕ್ಷೆಗೆ ಒಯ್ದಳು. ಈ ಹುಳುವಿನಲ್ಲೂ ತಳಿಗಳಿವೆಯಂತೆ. ಕುರಿಯದು ಬೇರೆ, ದನದ್ದು ಬೇರೆ, ಒಂಟೆಯದು ಬೇರೆ. ಹುಳುಗಳಲ್ಲೂ ಒಳಪಂಗಡ ಬಿಟ್ಟಿಲ್ಲವಲ್ಲಪ್ಪ ಎಂದು ನಕ್ಕಿದ್ದೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ರಿಪೋರ್ಟು ಬಂದ ದಿನ ನನ್ನನ್ನು ನೋಡಲು ಬಂದಿದ್ದ ನೆಂಟರ ಮುಂದೆ ನನ್ನ ಬಾಮೈದ ಮಲ್ಲಿಕಾರ್ಜುನ್ ಅದನ್ನು ಗಟ್ಟಿಯಾಗಿ ಓದಿದ. "ಕುರಿ ತಳಿ ಅಂತ ಬಂದೈತೆ. ಅಲ್ಲ ಭಾವ, ನಿಮ್ಮ ಹೊಟ್ಟೆಗೆ ಕುರಿ ಎಲ್ಲಿಂದ ಬಂತು?"

ಅಷ್ಟು ಸಾಕಾಯಿತು. "ಹುಲಿಯೂರುದುರ್ಗಕ್ಕೆ ಅಷ್ಟೊಂದು ಓಡಾಡ್ತಿದ್ರಲ್ಲ, ಬೆಂಕಿ ಇಲ್ದೆ ಹೊಗೆ ಆಡ್ತದಾ?" ಎಂದು ಮಾತು ಹುಟ್ಟಿತು. ಸೋಮವಾರ ಮಠದ ದಾಸೋಹದಲ್ಲಿ ಬಡಿಸಲು ಹೋದರೆ, "ನೀವು ರೆಸ್ಟ್ ತಗಳಿ ಯಜಮಾನ್ರೇ" ಎಂದು ಕೈಯಿಂದ ಸೌಟು ಇಸಿದುಕೊಂಡರು. ಆ ದಿನ ಸಂಜೆ ನನ್ನವಳು, ಬಸವಲಿಂಗಮ್ಮ, ಎದುರು ಕೂತಳು. "ನಿಜ ಹೇಳ್ಬುಡಿ. ಕಾಳಯ್ಯನ ಮನೇಲಿ ತಿಂದಿದ್ರಾ? ತಿಂದಿದ್ರೆ ತಿಂದೆ ಅನ್ನಿ, ನಾನೇನ್ ಬುಟ್ಟೋಗಲ್ಲ." ಕೊರಳ ಲಿಂಗ ಮುಟ್ಟಿ ಹೇಳಿದೆ: ಎಳನೀರು, ಬಾಳೆಹಣ್ಣು, ವನಜಮ್ಮ ಕೊಡುವ ಒಂದು ಚೊಂಬು ನೀರು ಬಿಟ್ಟರೆ ನಿಮ್ಮಲ್ಲಿ ನಾನು ಏನೂ ಮುಟ್ಟಿಲ್ಲ ಎಂದು. ಅವಳು "ಹ್ಞೂಂ" ಎಂದಳು. ಆ ಹ್ಞೂಂ ನನಗೆ ಆಪರೇಷನ್ನಿಗಿಂತ ಹೆಚ್ಚು ನೋಯಿತು ಕಾಳಯ್ಯ.

ನಾನೇ ಮಂಜುಶ್ರೀಗೆ ಫೋನ್ ಮಾಡಿ ಕರೆಸಿದೆ. ಬಂದವಳ ಮೈಮೇಲೆ ನಮ್ಮ ನಾಯಿ ಗುಂಡ ಹಾರಿದ. ಅವಳು ನನ್ನ ಮಾತು ಬಿಟ್ಟು ಅವನನ್ನೇ ನೋಡತೊಡಗಿದಳು. ಇವನಿಗೆ ಏನು ಹಾಕ್ತೀರಿ ಎಂದು ಕೇಳಿದಳು.

"ಎಂಟು ವರ್ಷದಿಂದ ಬರೀ ಮಜ್ಜಿಗೆ ಅನ್ನ ಕಣಮ್ಮ. ಮೊಟ್ಟೆ ವಾಸ್ನೇನೂ ತೋರ್ಸಿಲ್ಲ," ಎಂದಳು ನನ್ನವಳು. "ಭಾನುವಾರ ಅದನ್ನೂ ಮುಟ್ಟಲ್ಲ. ಉಪವಾಸ ಮಾಡ್ತಾನೆ."

ಇದನ್ನು ಅವಳು ಬೀದಿಗೆಲ್ಲ ಹೇಳಿಕೊಂಡು ಬಂದವಳು, ನಿನಗೂ ಹೇಳಿದ್ದಳಲ್ಲ. ನಾವೆಲ್ಲ ನಂಬಿದ್ದೆವು. ಮಂಜುಶ್ರೀ ನಗಲಿಲ್ಲ. "ಅಮ್ಮ, ಈ ಭಾನುವಾರ ಅವನ ಹಿಂದೆ ಹೋಗೋಣ," ಎಂದಳು.

ಹೋದೆವು. ಗುಂಡ ನೇರವಾಗಿ ಮಟನ್ ಅಂಗಡಿಯ ಹಿಂಬದಿಗೆ ನಡೆದು, ಖಾಯಂ ಗಿರಾಕಿಯ ಹಾಗೆ ಕೂತ. ಅಂಗಡಿಯವನು ಗುಳ್ಳೆ ಎದ್ದಿದ್ದ ಕುರಿಯ ಲಿವರನ್ನು ಕುಯ್ದು ಎಸೆದ. ಗುಂಡ ಅದನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. "ಅಯ್ಯೋ ನಿನ್ ಮನೆ ಕಾಯ್ವಾಗ! ಇದೇನೋ ನಿನ್ನ ಉಪವಾಸ?" ಎಂದು ಬಸವಲಿಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಂಜುಶ್ರೀ ಅಲ್ಲೇ ಬಿಡಿಸಿ ಹೇಳಿದಳು. "ಆ ಗುಳ್ಳೆ ತಿಂದ ನಾಯಿ ಹೊಟ್ಟೇಲಿ ಹುಳ ಆಗತ್ತೆ. ಅದರ ಮೊಟ್ಟೆ ನಾಯಿ ಕಕ್ಕಸ್ಸಲ್ಲಿ ಬಂದು, ಮೈಗೂ ಅಂಟ್ಕೊಳತ್ತೆ. ಸವರಿದ ಕೈ ತೊಳೀದೆ ಊಟ ಮಾಡಿದ್ರೆ ನಮ್ಮೊಳಗೆ ಬರತ್ತೆ. ಕುರಿ ತಳಿ ಅಂದ್ರೆ ಕುರಿ ತಿಂದ್ರಿ ಅಂತಲ್ಲಮ್ಮ. ಮಾಂಸ ತಿನ್ನೋದ್ರಿಂದ ಮನುಷ್ಯರಿಗೆ ಇದು ಬರೋದೇ ಇಲ್ಲ." ಆಮೇಲೆ ಪರೀಕ್ಷೆಯೂ ಆಯಿತು. ಅಂಗಡಿಯ ಕುರಿಯ ಗುಳ್ಳೆ, ಗುಂಡನ ಹೊಟ್ಟೆಯ ಹುಳು, ನನ್ನ ಲಿವರಿನ ಚೂರು, ಮೂರೂ ಒಂದೇ ತಳಿ.

ಈಗ ಅಂಗಡಿಯವನು ಕೆಟ್ಟ ಭಾಗವನ್ನು ಗುಂಡಿ ತೋಡಿ ಹೂಳುತ್ತಿದ್ದಾನೆ. ಗುಂಡನಿಗೆ ಮಾತ್ರೆ, ಕೊರಳಿಗೆ ಸರಪಳಿ. ಬಸವಲಿಂಗಮ್ಮನಿಗೂ ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲ. ದಾಸೋಹದ ಸೌಟು ನನ್ನ ಕೈಗೆ ವಾಪಸು ಬಂದಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನನ್ನದು ನಾಯಿಯಿಂದ ಹೋಗಿ ನಾಯಿಯಿಂದಲೇ ಬಂತು. ನಿನ್ನ ತೋಟದ ನಾಯಿಗಳಿಗೂ ಹುಳದ ಮಾತ್ರೆ ಹಾಕಿಸು, ಮರೆಯಬೇಡ.

ನಿಮ್ಮ ಮನೆ ತಣ್ಣಗಿರಲಿ, ತೋಟ ತುಂಬಿರಲಿ. ವನಜಮ್ಮನಿಗೆ ನನ್ನ ಶರಣು ತಿಳಿಸು.

ಇಂತಿ ನಿನ್ನ,
ಚನ್ನವೀರಯ್ಯ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಲಿಂಗ ಮುಟ್ಟಿ ಹೇಳಿದ ಮೇಲೂ ಬಸವಲಿಂಗಮ್ಮ ನಿಮ್ಮ ಮನೆಗೆ ಫೋನ್ ಮಾಡಿ, "ನಮ್ಮೋರ್ಗೆ ಏನ್ ತಿನ್ಸಿದ್ರಿ?" ಎಂದು ವನಜಮ್ಮನನ್ನು ಕೇಳಿದ್ದಳಂತೆ. ನಿನ್ನೆ ಅತ್ತುಕೊಂಡು ಹೇಳಿದಳು. ನೀನು ಯಾಕೆ ಫೋನ್ ಎತ್ತುತ್ತಿಲ್ಲ ಎಂದು ಆಗ ತಿಳಿಯಿತು. ವನಜಮ್ಮ ಜಗಳ ಆಡಲಿಲ್ಲವಂತೆ. "ಅವ್ರ ಚೊಂಬೇ ಬೇರೆ ಮಡಗಿವ್ನಿ ಕಣವ್ವ. ನಮ್ ಮನೇರು ಯಾರೂ ಅದ್ರಲ್ಲಿ ಒಂದು ಗುಟುಕು ನೀರು ಕುಡ್ದಿಲ್ಲ," ಎಂದಷ್ಟೇ ಹೇಳಿ ಇಟ್ಟಳಂತೆ. ಇಷ್ಟು ವರ್ಷ ಆ ಚೊಂಬು ನನಗೆ ಸಲ್ಲುವ ಮರ್ಯಾದೆ ಎಂದುಕೊಂಡೇ ಅದರಲ್ಲಿ ಕುಡಿದೆ. ಇಲ್ಲಿ ಮನೆಯಲ್ಲಿ ಗುಂಡ ನೆಕ್ಕಿದ ಕೈಯಲ್ಲೇ ಉಂಡೆ. ಬರುವ ಭಾನುವಾರ ನಾವಿಬ್ಬರೂ ಬರುತ್ತೇವೆ, ಬಸವಲಿಂಗಮ್ಮ ವನಜಮ್ಮನ ಹತ್ತಿರ ಮಾತಾಡಬೇಕಂತೆ. ಆ ಚೊಂಬನ್ನು ಹಲಗೆಯಿಂದ ಇಳಿಸಬೇಡಿ. ನೀನು ಕುಡಿಯುವ ಲೋಟದಲ್ಲೇ ನನಗೂ ನೀರು ಕೊಡು.