ಕಾಳು ಆರಿಸುವ ಯಂತ್ರ

ಜನವರಿ ೧೭, ಶುಕ್ರವಾರ. ಮೂಡಿಗೆರೆ.

ನಮ್ಮ ಕಾಫಿ ವರ್ಕ್ಸ್‌ನಲ್ಲಿ ಇವತ್ತು ಕಾಳು ಆರಿಸುವ ಯಂತ್ರ ಶುರುವಾಯಿತು. ಕೆಟ್ಟು ಕಪ್ಪಾದ ಕಾಫಿ ಕಾಳು ಕಂಡರೆ ಸಾಕು, ಗಾಳಿ ಊದಿ ಆಚೆ ತಳ್ಳುತ್ತದೆ. ಇಷ್ಟು ದಿನ ಕೈಯಲ್ಲಿ ಆರಿಸುತ್ತಿದ್ದ ಹೆಂಗಸರಿಗೆ ಸೋಮವಾರದಿಂದ ಬರುವುದು ಬೇಡವೆಂದು ನಾನೇ ಹೇಳಬೇಕಾಯಿತು. ಸೂಪರ್‌ವೈಸರ್ ಅಲ್ಲವೇ. ಯಾರೂ ಅಳಲಿಲ್ಲ, ಬೈಯಲಿಲ್ಲ.

ಧೂಳಿಗೆ ವರ್ಷಗಟ್ಟಲೆ ಕೆಮ್ಮುತ್ತಿರುವ ತಿಮ್ಮಮ್ಮ ಮಾತ್ರ, "ಇನ್ನಾದ್ರೂ ನನ್ ಕೆಮ್ಮು ಹೋಗ್ಬೌದು, ಅಲ್ವೇನೇ ಮಾರಾಯ್ತಿ?" ಎಂದು ಕೇಳಿದರು.

"ಹೋಗತ್ತೆ ತಿಮ್ಮಮ್ಮ."

"ಹಂಗಾರೆ ಒಳ್ಳೇದೇ ಆಯ್ತು ಬಿಡು," ಎಂದು ನನ್ನ ಬೆನ್ನು ಸವರಿದರು. ಸಮಾಧಾನ ಹೇಳಬೇಕಾದವಳು ನಾನಾಗಿದ್ದೆ.

ಮನಸ್ಸಿನಲ್ಲಿ ಏನೂ ಇಲ್ಲ, ದುಃಖವೂ ಇಲ್ಲ. ಯಂತ್ರ ಒಳ್ಳೆಯದೇ, ಧೂಳು ಕೆಟ್ಟದ್ದೇ. ನಾಳೆ ಅವರಿಗೆಲ್ಲ ಕೊನೆಯ ದಿನ. ತಮ್ಮ ಜೊತೆಗೇ ಊಟಕ್ಕೆ ಕೂರಬೇಕೆಂದು ನನ್ನನ್ನೂ ಕರೆದಿದ್ದಾರೆ. ಅವರ ಬುತ್ತಿಯ ಅನ್ನ ಉಣ್ಣುತ್ತಾ ನಾನು ಏನೆಂದು ಹೇಳಲಿ...