ಎಣ್ಣೆ ಹಾಕುವ ಮೊದಲೇ

ಬೈಲಹೊಂಗಲ
೧೨ ಫೆಬ್ರವರಿ ೨೦೨೫

ಮುಕ್ತಾಳ ಅಪ್ಪನಿಗೆ,

ಪ್ರೀತಿಯ ನಮಸ್ಕಾರಗಳು. ಹೇಗಿದ್ದೀರಿ? ಬೆಟ್ಟದ ಚಳಿಗೆ ತುಟಿ ಒಡೆದಿದೆ ಎಂದು ಬರೆದಿದ್ದಿರಿ. ನಾನು ಕಳಿಸಿದ ತುಪ್ಪ ಹಚ್ಚಿಕೊಳ್ಳುತ್ತಿದ್ದೀರೋ, ಡಬ್ಬಿಯನ್ನು ಹಾಗೇ ಟ್ರಂಕಿನಲ್ಲಿ ಒಗೆದಿದ್ದೀರೋ ದೇವರಿಗೇ ಗೊತ್ತು. ಫೋನು ಹತ್ತದ ಜಾಗದಲ್ಲಿ ರಸ್ತೆ ಮಾಡಿಸುವ ಗಂಡನನ್ನು ಕಟ್ಟಿಕೊಂಡು ನಾನೂ ಹಳೇ ಕಾಲದವರ ಹಾಗೆ ಕಾಗದ ಬರೆಯುವುದನ್ನು ಕಲಿತೆ. ಅತ್ತೆಯವರ ಮೊಣಕಾಲು ಈಗ ಅಡ್ಡಿಯಿಲ್ಲ. ಮುಕ್ತಾಳ ಹುಟ್ಟುಹಬ್ಬ ಚೆನ್ನಾಗಿಯೇ ಆಯಿತು, ಅಪ್ಪ ಇಲ್ಲವೆಂದು ಸ್ವಲ್ಪ ಅತ್ತಳು, ಹೋಳಿಗೆ ಕಂಡ ಮೇಲೆ ಸುಮ್ಮನಾದಳು. ಇನ್ನು ನಮ್ಮ ಕಾರಿನ ವಿಷಯ. ಅದನ್ನು ಬರೆಯಲೆಂದೇ ಕೂತಿದ್ದೇನೆ, ಆದರೆ ಎಲ್ಲಿಂದ ಶುರುಮಾಡಬೇಕೋ ತಿಳಿಯುತ್ತಿಲ್ಲ.

ಸಂಕ್ರಮಣ ಮುಗಿದಾಗಿನಿಂದ ಕಾರು ನರಳುತ್ತಿತ್ತು. ನೆಟ್ಟಗೆ ಹೋಗುವಾಗ ಏನೂ ಇಲ್ಲ. ಸ್ಟೇರಿಂಗ್ ತಿರುಗಿಸಿದರೆ ಸಾಕು, ಬಾನೆಟ್ಟಿನ ಒಳಗಿಂದ ಕುಂಯ್ ಎಂದು ದನಿ. ಮಾವನವರು ಮುಕ್ತಾಳನ್ನು ಸಾಲೆಗೆ ಬಿಟ್ಟು ಓಣಿಗೆ ತಿರುಗಿದ್ದು ನನಗೆ ಅಡುಗೆಮನೆಗೇ ಕೇಳುತ್ತಿತ್ತು, ಚಹಾಕ್ಕೆ ಇಡುತ್ತಿದ್ದೆ. ಓಣಿಯಲ್ಲಿ ಹಾಯ್ದುಹೋಗುವ ಗಾಡಿಯ ಸಪ್ಪಳ ಕೇಳಿಯೇ ಅದು ಯಾರದು, ಅದಕ್ಕೇನು ರೋಗ ಎಂದು ಹೇಳುತ್ತಿದ್ದ ಮನುಷ್ಯ ತಮ್ಮ ಕಾರು ಇಷ್ಟು ಅತ್ತರೂ ಸುಮ್ಮನೆ ಇದ್ದಾರಲ್ಲ, ಶುದ್ಧ ಹಠ ಎಂದು ನನಗೆ ಸಿಟ್ಟು. ಹೇಳಿದರೆ, ಹಳೇ ಗಾಡಿ, ಅಷ್ಟು ಇರುವುದೇ ಎಂದು ಮಾತು ಹಾರಿಸಿಬಿಟ್ಟರು. ಅವರಿಗೆ ತಮಗೆ ಬೇಕಾದ್ದಷ್ಟೇ ಕೇಳಿಸುತ್ತದೆ ಎಂದು ಅತ್ತೆಯವರು ನಕ್ಕರು. ನಾನೂ ನಕ್ಕೆ.

ಅಷ್ಟರಲ್ಲಿ ಕಾರು ನಿಲ್ಲಿಸುವ ಫರ್ಸಿಯ ಮೇಲೆ ಕೆಂಪು ಹನಿ ಕಾಣಿಸಿಕೊಂಡವು. ಮುಕ್ತಾಳಿಗೆ ಆರತಿ ಮಾಡಿದ ನೀರನ್ನು ಅಲ್ಲೇ ಚೆಲ್ಲಿದ್ದೆವಲ್ಲ, ಅದರ ಕಲೆ ಎಂದು ಅತ್ತೆಯವರು ತೊಳೆಯಲು ಹೇಳಿದರು. ತಿಕ್ಕಿ ತೊಳೆದೆ. ಮರುದಿನ ಮತ್ತೆ ಅಲ್ಲೇ, ಅಷ್ಟೇ ಕೆಂಪು. ಮುಟ್ಟಿದರೆ ಬೆರಳಿಗೆ ಜಿಡ್ಡು. ಆರತಿಯೇ ಮಾಡದ ದಿನ ಆರತಿ ನೀರು ಎಲ್ಲಿಂದ ಬರಬೇಕು? ಕಾರಿನಿಂದ ಏನೋ ಸೋರುತ್ತಿದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹುಟ್ಟುಹಬ್ಬದ ಗದ್ದಲದಲ್ಲಿ ಬಿಟ್ಟೆ.

ರವಿವಾರ ಹೂಲಿಯಲ್ಲಿ ನಿಮ್ಮ ಸೋದರತ್ತೆಯ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟೆವು. ಮೊಣಕಾಲಿನ ನೆಪ ಹೇಳಿ ಅತ್ತೆ ಉಳಿದರು. ಮುರಗೋಡ ದಾಟಿದ ಮೇಲೆ ಸ್ಟೇರಿಂಗ್ ಬಿಗಿಯಾಯಿತು. ತಿರುವಿನಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ಮಾವನವರು ಎರಡೂ ಕೈಯಿಂದ ಜಗ್ಗಿ ಹೇಗೋ ಬದಿಗೆ ತಂದರು. ಯರಗಟ್ಟಿಯಲ್ಲಿ ಶಂಕ್ರೆಪ್ಪ ಎಂಬವನ ಗ್ಯಾರೇಜು ಸಿಕ್ಕಿತು. ಅವನು ಬಾನೆಟ್ ಎತ್ತಿ ಸ್ಟೇರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿದ. ಒಳಗೆ ತಳದಲ್ಲಿ ಕೆಂಪು ನೊರೆಯಷ್ಟೇ ಇತ್ತು.

"ತಿರುವಿದಾಗಷ್ಟ ಕೂಗತೈತಿ ಅಂದ್ರ ಇಂಜಿನ್ದಲ್ಲರಿ ಅಕ್ಕಾರ. ಎಣ್ಣಿ ಸೋರಿ ಪಂಪ್ ಗಾಳಿ ಜಗ್ಗಾಕತ್ತೈತಿ" ಎಂದ.

ಎಲ್ಲಿ ಸೋರುತ್ತದೆ ನೋಡಬೇಕು, ಗಾಡಿ ಚಾಲೂ ಮಾಡಿ ಪೂರ್ತಿ ತಿರುಗಿಸಿ ಎಂದು ನನ್ನನ್ನು ಕೂಡಿಸಿದ. ತಿರುಗಿಸಿದೆ. ಅದು ಎಂಥಾ ಕೂಗು ಕೂಗಿತೆಂದರೆ ಆಚೆ ಚಹಾದಂಗಡಿಯವರು ಹೊರಳಿ ನೋಡಿದರು. ಬಾನೆಟ್ಟಿನ ಪಕ್ಕ ಬಗ್ಗಿ ನಿಂತಿದ್ದ ಮಾವನವರು ಶಂಕ್ರೆಪ್ಪನ ಕೈಯಲ್ಲಿದ್ದ ಎಣ್ಣೆ ಕ್ಯಾನು ನೋಡಿದರು, ತಲೆಯಾಡಿಸಿದರು.

"ಹಾಂ, ಈಗ ಬಂದ್ ಆತು ನೋಡು. ಎಣ್ಣಿ ಬಿದ್ದ ಕೂಡ್ಲೆ ಹ್ಯಾಂಗ ಸುಮ್ಮನಾತು."

ಶಂಕ್ರೆಪ್ಪ ಇನ್ನೂ ಕ್ಯಾನಿನ ಬಿರಡೆ ತೆಗೆದಿರಲಿಲ್ಲ, ಕಾರು ಕೂಗುತ್ತಲೇ ಇತ್ತು. ಅವನು ಕ್ಯಾನು ನೋಡಿದ, ನನ್ನನ್ನು ನೋಡಿದ. ನಾನು ಕಾರು ಬಂದ್ ಮಾಡಿದೆ. ಪುಣ್ಯಾತ್ಮ ಒಡೆದ ಪೈಪು ಬದಲಿಸಿ, ಎಣ್ಣೆ ತುಂಬಿ, ಗಾಳಿ ಹೊರಗೆ ಹೋಗುವವರೆಗೆ ಸ್ಟೇರಿಂಗನ್ನು ಆಚೆ ಈಚೆ ತಿರುಗಿಸಿಕೊಟ್ಟ. ಕೂಗು ನಿಂತಿತು.

ಅಲ್ಲಿಂದ ಮುಂದೆ ನನ್ನ ಗಮನವೆಲ್ಲ ಹಿಂದಿನ ರಸ್ತೆಯ ಮೇಲೇ. ಸವದತ್ತಿ ಹತ್ತಿರ ಲಾರಿಯೊಂದು ಬೆನ್ನಿಗೆ ಬಿದ್ದು ಹಾರ್ನ್ ಹೊಡೆದೇ ಹೊಡೆಯಿತು, ಮಾವನವರು ರಸ್ತೆಯ ನಡುವೆ ಆರಾಮ ಹೋಗುತ್ತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಹಿಂದಿನ ಸೀಟಿನಿಂದ ಮುಕ್ತಾ ಕೈ ಚಾಚಿ ಅಜ್ಜನ ಎಡಭುಜ ಮುಟ್ಟಿದಳು. ಅವರು ಕೂಡಲೇ ಬದಿಗೆ ತೆಗೆದುಕೊಂಡರು. ಹೂಲಿಯಲ್ಲಿ ಇಳಿದ ಮೇಲೆ ಅವಳನ್ನು ಆಚೆ ಕರೆದು ಕೇಳಿದೆ. ದಿನಾ ಹಾಗೇ ಮಾಡುತ್ತಾಳಂತೆ, ಸಾಲೆಗೆ ಹೋಗುವಾಗಲೂ ಬರುವಾಗಲೂ. ಅದು ಅವಳಿಗೂ ಅಜ್ಜನಿಗೂ ಒಂದು ಆಟವಂತೆ. ಇನ್ನು ಕಾರು ನಡೆಸಬೇಡಿ ಎಂದು ಅವರಿಗೆ ಹೇಗೆ ಹೇಳಲಿ? ಆ ಮುಖ ನೋಡಿ ನನ್ನಿಂದ ಹೇಳುವುದಾಗಲಿಲ್ಲ. ಸದ್ಯ ಮುಕ್ತಾ ಆಟೋದಲ್ಲಿ ಹೋಗುತ್ತಿದ್ದಾಳೆ, ನೀವು ಗಾಬರಿಯಾಗಬೇಡಿ.

ಅತ್ತೆ-ಮಾವ ಆಶೀರ್ವಾದ ತಿಳಿಸಿದ್ದಾರೆ, ಮುಕ್ತಾ ಮುತ್ತು ಕಳಿಸಿದ್ದಾಳೆ. ಕಿವಿ ಮುಚ್ಚುವ ಟೋಪಿ ಹಾಕಿಕೊಳ್ಳಿ.

ನಿಮ್ಮ
ಜ್ಯೋತ್ಸ್ನಾ

ತಾ.ಕ.: ಮೇಲೆ ಒಂದು ವಿಷಯ ನುಂಗಿಬಿಟ್ಟೆ. ಸೋಮವಾರ ಕಾರಿನ ಕೀಲಿಯನ್ನು ನಾನೇ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟೆ. ಎಲ್ಲೋ ಕಳೆಯಿತೆಂದು ಸುಮ್ಮನಾಗುತ್ತಾರೆ, ನಿಮ್ಮ ಉತ್ತರ ಬಂದ ಮೇಲೆ ನೋಡಿದರಾಯಿತು ಎಂದುಕೊಂಡಿದ್ದೆ. ಈಗ ಈ ಕಾಗದ ಮಡಚುವಾಗ ಮಾವನವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಜ್ಯೋತ್ಸ್ನಾ, ಕೀಲಿ ಎಲ್ಲೆ ಇಟ್ಟೆ ಅಂತ ಎಷ್ಟು ನೆನಸಿದ್ರೂ ನೆನಪಾಗವಲ್ದು. ಕಿವಿ ಹೋಗಿದ್ದು ನನಗ ಗೊತ್ತದ, ಅದನ್ನ ಹ್ಯಾಂಗೋ ತಡಕೊಂಡಿದ್ದೆ. ಈಗ ತಲೀನೂ ಹೋತೇನು?" ಎಂದು ಕೇಳಿ, ನನ್ನ ಉತ್ತರಕ್ಕೂ ನಿಲ್ಲದೆ ಮತ್ತೆ ಹುಡುಕಲು ಹೋದರು. ನಿಮ್ಮ ಕಾಗದಕ್ಕೆ ಕಾಯುವುದಿಲ್ಲ. ಕೀಲಿ ತೆಗೆದಿದ್ದೇನೆ, ಕೈಯೆಲ್ಲ ಹಿಟ್ಟು. ನಾನೇ ಕದ್ದಿಟ್ಟಿದ್ದೆ, ನಿಮ್ಮ ತಲೆಗೆ ಏನೂ ಆಗಿಲ್ಲ ಎಂದು ಈಗಲೇ ಹೋಗಿ ಹೇಳುತ್ತೇನೆ. ಅವರಿಗೆ ಕೇಳುವಷ್ಟು ಜೋರಾಗಿ ಹೇಳಬೇಕು. ಓಣಿಗೆಲ್ಲ ಕೇಳಿದರೆ ಕೇಳಲಿ.